ಫ್ಲಾಸ್ಕಿನ ಮುಂದೆ ಬಿಳಿ ಸೀರೆ

ಮೇಡಂ ಅವರ ಬಲಗೈ ಮಣಿಕಟ್ಟು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಒಂದೇ ಸಲ. ಚಹಾದ ಲೋಟ ಹಿಡಿದರೆ ಅದು ನಿಧಾನವಾಗಿ ಸುತ್ತುತ್ತಿತ್ತು. ಮಜ್ಜಿಗೆ ಹಿಡಿದರೂ ಅಷ್ಟೆ. ಒಳಗಿನದು ಅಂಚಿನವರೆಗೆ ಏರಿ, ಹನಿಯೂ ಚೆಲ್ಲದೆ, ಲೋಟದ ಗೋಡೆ ಸವರಿಕೊಂಡು ತಿರುಗುತ್ತಿತ್ತು. ಶೇರ್ ಆಟೋದಲ್ಲಿ ಕೈ ಖಾಲಿ ಇದ್ದಾಗಲೂ ಮಡಿಲ ಮೇಲಿನ ಬೆರಳುಗಳು ಕಾಣದ ಫ್ಲಾಸ್ಕೊಂದರ ಕತ್ತು ಹಿಡಿದು ಆಡಿಸುತ್ತಿದ್ದವು. ಹೆಬ್ಬೆರಳು ತೋರುಬೆರಳುಗಳ ನಡುವಿನ ಚರ್ಮ ನೈಟ್ರಿಕ್ ಆಸಿಡ್ ತಾಗಿ ತಾಗಿ ಹಳದಿಗಟ್ಟಿತ್ತು. ಎದುರು ಕೂತ ಹೆಂಗಸರು ಅದನ್ನು ಅರಿಶಿನ ಅಂದುಕೊಂಡು, "ಏನು ಹಬ್ಬಾನ್ರಿ ಮನ್ಯಾಗ?" ಎಂದು ಕೇಳುತ್ತಿದ್ದರು.

"ಹೌದ್ರಿ, ದಿನಾ ಹಬ್ಬ" ಎನ್ನುತ್ತಿದ್ದರು ಮೇಡಂ.

ರಾಯದುರ್ಗದ ಹೊರಗೆ, ಗುಮ್ಮಘಟ್ಟಕ್ಕೆ ಹೋಗುವ ರಸ್ತೆಯಲ್ಲಿ, ನಮ್ಮದೊಂದು ಸಣ್ಣ ಎರಕದ ಕಾರ್ಖಾನೆ. ಜಲ್ಲಿ ಒಡೆಯುವ ಕ್ರಷರುಗಳ ದವಡೆ ಪ್ಲೇಟು, ಅದಿರು ಅರೆಯುವ ಗಿರಣಿಗಳ ಒಳಮೈಗೆ ಹೊದಿಸುವ ಲೈನರ್ ಹಲಗೆಗಳನ್ನು ಅಲ್ಲಿ ಉಕ್ಕಿನಲ್ಲಿ ಎರಕ ಹೊಯ್ಯುತ್ತಾರೆ. ಉಕ್ಕು ಸವೆಯದಂತೆ ತಡೆಯುವುದು ಅದಕ್ಕೆ ಬೆರೆಸಿದ ಕ್ರೋಮಿಯಂ, ಮ್ಯಾಂಗನೀಸಿನಂಥ ಲೋಹಗಳು. ಅವು ಬೇಕಾದಷ್ಟು ಇವೆಯೇ ಎಂದು ಅಳೆದು ಹೇಳುವುದು ಲ್ಯಾಬಿನ ಕೆಲಸ. ದೊಡ್ಡ ಕಾರ್ಖಾನೆಗಳಲ್ಲಿ ಉಕ್ಕಿಗೆ ಕಿಡಿ ಹೊಡೆದು ಓದುವ ಯಂತ್ರವಿರುತ್ತದೆ. ನಮ್ಮಲ್ಲಿ ಇದ್ದದ್ದು ಮೇಡಂ. ಬಳ್ಳಾರಿಯಲ್ಲಿ ಓದಿ, ಮದುವೆಯಾಗಿ ರಾಯದುರ್ಗಕ್ಕೆ ಬಂದು, ಆ ಲ್ಯಾಬಿಗೆ ಮುಖ್ಯ ಕೆಮಿಸ್ಟ್ ಆದವರು. ನಾನು ಎಂ.ಎಸ್ಸಿ. ಮುಗಿಸಿ ಮಡಕಶಿರಾದಿಂದ ಹೋಗಿ ಅವರ ಕೈಕೆಳಗೆ ಸೇರಿದೆ.

ಕ್ರೋಮಿಯಂ ಅಳೆಯುವ ಬಗೆಯನ್ನು ಹೇಳಿದರೆ ಮೇಡಂ ಅವರನ್ನು ಅರ್ಧ ಹೇಳಿದ ಹಾಗೆ. ಎರಕದ ತುಂಡಿನಿಂದ ಕೊರೆದು ತೆಗೆದ ಉಕ್ಕಿನ ಚೂರನ್ನು ತೂಗಿ ಆಸಿಡ್ಡಿನಲ್ಲಿ ಕರಗಿಸಬೇಕು. ಕುದಿಸಿ, ಕ್ರೋಮಿಯಂ ಪೂರ್ತಿಯಾಗಿ ಕಿತ್ತಳೆ ಬಣ್ಣಕ್ಕೆ ತಿರುಗುವ ಹಾಗೆ ಮಾಡಬೇಕು. ತಣಿದ ಮೇಲೆ ಬಣ್ಣ ತೋರಿಸುವ ಇಂಡಿಕೇಟರ್ ದ್ರವವನ್ನು ಕೆಲವು ಹನಿ ಹಾಕಿದರೆ ದ್ರಾವಣ ನೇರಳೆಯಾಗುತ್ತದೆ. ಆಮೇಲೆ ಬ್ಯೂರೆಟ್ಟಿನಿಂದ, ಅಂದರೆ ಅಳತೆಯ ಗೀರುಗಳಿರುವ ಉದ್ದನೆಯ ಗಾಜಿನ ಕೊಳವೆಯಿಂದ, ಕಬ್ಬಿಣದ ಲವಣದ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತ ಫ್ಲಾಸ್ಕನ್ನು ಆಡಿಸುತ್ತಿರಬೇಕು. ಯಾವುದೋ ಒಂದು ಹನಿಗೆ ನೇರಳೆ ಹೋಗಿ ಹಸಿರು ನಿಲ್ಲುತ್ತದೆ. ಅಲ್ಲಿ ಕೈ ನಿಲ್ಲಬೇಕು. ಎಷ್ಟು ದ್ರಾವಣ ಇಳಿಯಿತೋ ಅದರ ಮೇಲೆ ಕ್ರೋಮಿಯಂ ಲೆಕ್ಕ. ಹಸಿರು ಬಂದದ್ದು ಕಣ್ಣಿಗೆ ತಡವಾಗಿ ಕಂಡರೆ, ಹೆಚ್ಚು ದ್ರಾವಣ ಇಳಿದು, ಉಕ್ಕಿನಲ್ಲಿ ಇಲ್ಲದ ಕ್ರೋಮಿಯಂ ಇದೆ ಎಂದು ಲೆಕ್ಕ ಹೇಳುತ್ತದೆ. ಇಡೀ ಕೆಲಸ ಕೊನೆಗೆ ಬಂದು ನಿಲ್ಲುವುದು ನೋಡುವವರ ಕಣ್ಣಿನ ಮೇಲೆ.

ಆ ಹನಿಗೆ ಮೇಡಂ ಇಟ್ಟಿದ್ದ ಮಾತು "ಬಂತು." ಪುಸ್ತಕದಲ್ಲಿ ಎಂಡ್ ಪಾಯಿಂಟ್. ಅವರಿಗೆ ಮಾತ್ರ ಅದು ದೂರದಿಂದ ನಡೆದು ಬರುವ ಯಾರೋ. "ಬರೋಕಿಂತ ಮುಂಚೆ ಬಂತು ಅನಬಾರ್ದು. ಬಂದಮ್ಯಾಲ ಇನ್ನೂ ಬಂದಿಲ್ಲ ಅನಬಾರ್ದು. ನಮ್ಮ ನೌಕರಿ ಇಷ್ಟೇ ನೋಡವ್ವ."

ಮೊದಲ ದಿನ ನಾನು ಮರೂನ್ ದುಪಟ್ಟಾ ಹಾಕಿಕೊಂಡು, ಯುಗಾದಿಗೆ ಅಮ್ಮ ತೊಡಿಸಿದ ಹಸಿರು ಗಾಜಿನ ಬಳೆಗಳಲ್ಲೇ ಹೋಗಿದ್ದೆ. ಮೇಡಂ ನನ್ನ ಅಂಕಪಟ್ಟಿ ನೋಡಲಿಲ್ಲ. ಬಳೆ ನೋಡಿದರು.

"ಫ್ಲಾಸ್ಕು ಹಿಡಿ" ಎಂದರು. ಹಿಡಿದೆ. "ಏನು ಬಣ್ಣ ಕಾಣಸ್ತೈತಿ?"

"ನೀರು ಕಣ್ರೀ ಮೇಡಂ. ಏನೂ ಬಣ್ಣ ಇಲ್ಲ."

"ಕಣ್ರೀ ಕಣ್ರೀ ಅಂತಿ, ಕಣ್ಣು ಎಲ್ಲಿಟ್ಟಿ? ಸರಿಯಾಗಿ ನೋಡು."

ನೋಡಿದೆ. ನೀರಿನ ಅಂಚಿನಲ್ಲಿ ತೆಳ್ಳಗೆ ಒಂದು ಹಸಿರು ಎಳೆ ಇತ್ತು, ಅದರ ಹಿಂದೆ ದುಪಟ್ಟಾದ ಕೆಂಪು. ಮೇಡಂ ಕಪಾಟಿನಿಂದ ಒಗೆದ ಬಿಳಿ ಟವೆಲ್ ತೆಗೆದು ನನ್ನ ಹೆಗಲ ಮೇಲೆ ಹೊದಿಸಿ, ಬಳೆಗಳನ್ನು ಮೊಣಕೈವರೆಗೆ ತಳ್ಳಿ ಮೇಲೆ ಬಟ್ಟೆ ಸುತ್ತಿದರು. "ನೀ ಉಟ್ಟಿದ್ದನ್ನ ಅಳದು ಕ್ರೋಮಿಯಂ ಅಂತ ಬರದ್ರ ಹೆಂಗ?"

ಅವರು ಬಿಳಿ ಸೀರೆ ಉಡುತ್ತಿದ್ದದ್ದೂ ಇದಕ್ಕೇ. ಸಣ್ಣ ಬೂದು ಅಂಚಿನ ಬಿಳಿ ಕಾಟನ್ ಸೀರೆ, ಬಿಳಿ ರವಿಕೆ, ಕೈಗೆ ಗಾಜಿನ ಬಳೆ ಇಲ್ಲ. ಬಿಳಿ ಕೋಟು ಹಾಕಿದರೆ ಸಾಲದೇ ಎಂದು ಕೇಳಿದ್ದೆ. ಕೋಟಿನ ಗುಂಡಿಯ ಸಂದಿಯಲ್ಲಿ ಬಣ್ಣ ಇಣುಕುತ್ತದೆ, ತೋಳಿನಿಂದ ಬಳೆ ಜಾರುತ್ತದೆ, ಈ ಶೆಕೆಯಲ್ಲಿ ಕೋಟು ಯಾರು ಹಾಕುತ್ತಾರೆ ಎಂದು ಮೂರು ಉತ್ತರ ಕೊಟ್ಟರು. ಗಂಡ ನಿವೃತ್ತ ಮೇಷ್ಟ್ರು, ಆರೋಗ್ಯವಾಗಿ ಮನೆಯಲ್ಲಿದ್ದರು. ಆದರೂ ಊರಿಗೆ ಹೊಸಬರಾದವರೆಲ್ಲ ಮೇಡಂ ಅವರನ್ನು ಗಂಡ ಕಳೆದುಕೊಂಡವರೆಂದೇ ತಿಳಿಯುತ್ತಿದ್ದರು. ಅತ್ತೆ ಬದುಕಿರುವ ತನಕ ಈ ಸೀರೆಗಾಗಿ ಜಗಳ ಆಡಿದರಂತೆ. "ನನ್ನ ಮಗ ಬದುಕಿರುವಾಗ್ಲೇ ಬಿಳೀದು ಉಟ್ಕೊಂಡು ಅಡ್ಡಾಡ್ತಿ" ಎಂದು ಅತ್ತಿದ್ದರಂತೆ ಕೂಡ. ಮೇಡಂ ಮನೆಯಲ್ಲಿ ಬಣ್ಣ ಉಡುತ್ತಿದ್ದರು, ಬಾಗಿಲು ದಾಟುವಾಗ ಬಿಳಿ.

ಒಮ್ಮೆ ಕಾರ್ಖಾನೆಯಿಂದ ನೇರವಾಗಿ ಇಬ್ಬರೂ ಒಂದು ಸೀಮಂತಕ್ಕೆ ಹೋಗಿದ್ದೆವು. ಕುಂಕುಮದ ತಟ್ಟೆ ಹಿಡಿದ ಹುಡುಗಿ ಸಾಲಿನಲ್ಲಿ ಬರುತ್ತ ಬರುತ್ತ ಮೇಡಂ ಅವರ ಮುಂದೆ ತಡವರಿಸಿ, ಅವರನ್ನು ಬಿಟ್ಟು ನನ್ನ ಕಡೆ ತಿರುಗಿದಳು. ಮೇಡಂ ಅವರ ಹಣೆಯಲ್ಲಿ ಕುಂಕುಮ, ಕೊರಳಲ್ಲಿ ತಾಳಿ ಎರಡೂ ಇದ್ದವು. ಸೀರೆ ಮಾತ್ರ ಅವಳ ಕಣ್ಣಿಗೆ ಬಿದ್ದಿತ್ತು.

"ಬಾರವ್ವ ಇಲ್ಲಿ" ಎಂದು ಮೇಡಂ ಅವಳ ಕೈ ಹಿಡಿದರು. "ನಮ್ಮನಿಯವ್ರು ಈಗ ಮನ್ಯಾಗ ಉಂಡು ಗೊರಕೆ ಹೊಡ್ಯಾಕತ್ತಾರ. ಬೇಕಂದ್ರ ಫೋನ್ ಹಚ್ಚಿ ಕೇಳಸ್ತೀನಿ. ಹಚ್ಚು ಕುಂಕುಮ."

ಮನೆಯೆಲ್ಲ ನಕ್ಕಿತು. ಮೇಡಂ ಕೂಡ. ಆಟೋದಲ್ಲಿ ಮರಳುವಾಗ ಅವರ ಮಣಿಕಟ್ಟು ಬಿರುಸಾಗಿ ತಿರುಗುತ್ತಿತ್ತು.

ಲ್ಯಾಬಿನಲ್ಲಿ ಅವರೇ ಮಾಡಿದ್ದ ಒಂದು ಕಟ್ಟಳೆ ಇತ್ತು. ಒಂದು ಎರಕಕ್ಕೆ ಎರಡು ಫ್ಲಾಸ್ಕು, ಇಬ್ಬರ ಕೈ. ಮುಗಿದ ಮೇಲೆ ಬ್ಯೂರೆಟ್ಟಿನ ಓದನ್ನು ಇಬ್ಬರೂ ಒಂದೇ ಉಸಿರಿಗೆ, ಒಟ್ಟಿಗೆ ಹೇಳಬೇಕು. ಒಬ್ಬರು ಮೊದಲು ಹೇಳಿದರೆ ಇನ್ನೊಬ್ಬರ ಕಣ್ಣು ಅವರನ್ನು ಒಲಿಸಲು ಹೋಗುತ್ತದೆ ಎನ್ನುತ್ತಿದ್ದರು. ಓದು ಕೂಡದಿದ್ದರೆ ಮೂರನೆಯ ಫ್ಲಾಸ್ಕು. ಅದೂ ಬಗೆಹರಿಯದಿದ್ದರೆ "ಸಾಕ್ಷಿ." ಕಪಾಟಿನ ಮೇಲಿನ ಅರೆಯಲ್ಲಿ ಕಂದು ಬಣ್ಣದ ಸೀಸೆಯೊಂದಿತ್ತು. ಅದರಲ್ಲಿದ್ದ ಉಕ್ಕಿನ ಚೂರಿನಲ್ಲಿ ಎಷ್ಟು ಕ್ರೋಮಿಯಂ ಇದೆ ಎಂಬುದು ಮೊದಲೇ ಖಚಿತವಾಗಿ ಗೊತ್ತಿತ್ತು. ಅದನ್ನು ಕರಗಿಸಿ ಅಳೆದರೆ ಯಾರ ಓದು ನಿಜ, ಯಾರದು ಅಲ್ಲ ಎಂದು ತಿಳಿಯುತ್ತದೆ. ಸೀಸೆ ಸುಲಭಕ್ಕೆ ಕೆಳಗಿಳಿಯುತ್ತಿರಲಿಲ್ಲ.

ನಾನು ಸೇರಿದ ಮೇಲಿನ ದಸರಾ ಹೊತ್ತಿಗೆ ಮೇಡಂ ಫ್ಲಾಸ್ಕನ್ನು ಕಿಟಕಿಯ ಹತ್ತಿರ ಒಯ್ಯುವುದು ಹೆಚ್ಚಾಯಿತು. ಅವರಿಗೆ ಬಹಳ ವರ್ಷದಿಂದ ಸಕ್ಕರೆ ಕಾಯಿಲೆ. ಬಳ್ಳಾರಿಯ ಕಣ್ಣಿನ ಡಾಕ್ಟರಿಗೆ ತೋರಿಸಿಕೊಂಡು ಬಂದ ಮರುದಿನ, ಊಟದ ಹೊತ್ತಿನಲ್ಲಿ, ರೊಟ್ಟಿ ಮುರಿಯುತ್ತ ಹೇಳಿದರು.

"ಪೊರೆ ಅಲ್ಲಂತವ್ವ, ತೆಗದು ಬಿಸಾಡಾಕ. ಕಣ್ಣಿನ ಹಿಂದಿನ ಪರದೀನ ಸಕ್ಕರಿ ತಿಂದೈತಂತ. ಇದ್ದಿದ್ದು ಉಳಿಸ್ತೀವಿ, ಹೋಗಿದ್ದು ಬರಂಗಿಲ್ಲ ಅಂದ್ರು."

"ಏನು ಹೋಗಿದೆ ಮೇಡಂ?"

"ಕೆಂಪು ಐತಿ. ನೀಲಿ, ಹಸಿರು, ನೇರಳಿ ಕಲಸಿಬಿಟ್ಟಾವ. ಬೂದಿ ಕಲಸಿದಂಗ." ರೊಟ್ಟಿಯನ್ನು ಪಲ್ಯದಲ್ಲಿ ಅದ್ದಿದರು, ತಿನ್ನಲಿಲ್ಲ. "ಯಾರಿಗೂ ಹೇಳಬ್ಯಾಡ ಅಂತ ನಿನಗ ಹೇಳಂಗಿಲ್ಲ. ನಾನೇ ಫ್ಯಾಕ್ಟ್ರಿ ಸಾವ್ಕಾರ್ರಿಗೆ ಹೇಳ್ತೀನಿ. ಸ್ವಲ್ಪ ತಡಿ. ಇದು ಬಿಟ್ರ ನಾನು ಯಾರು ಅಂತ ಮೊದ್ಲು ನಾನು ನೋಡ್ಕೋಬೇಕು."

ಅವರ ಡಬ್ಬಿಯ ಮುಚ್ಚಳ ಹಾಕಿಕೊಟ್ಟೆ.

ಅಲ್ಲಿಂದ ಬೇಸಿಗೆಯವರೆಗಿನ ತಿಂಗಳುಗಳು ಇಬ್ಬರನ್ನೂ ದಣಿಸಿದವು. ಆಸಿಡ್ಡಿನ ಹೊಗೆ ಎಳೆಯುವ ಫ್ಯಾನು ಕೆಟ್ಟು ಹಾಗೆಯೇ ನಿಂತಿತ್ತು. ಗಂಟಲು ಸದಾ ಒಣಗಿರುತ್ತಿತ್ತು. ಎರಡು ಫ್ಲಾಸ್ಕುಗಳ ಓದು ಕೂಡಿದ ದಿನ ಇಬ್ಬರೂ ಮುಖ ನೋಡಿಕೊಳ್ಳುತ್ತಿರಲಿಲ್ಲ, ಕೂಡದ ದಿನವೂ ನೋಡಿಕೊಳ್ಳುತ್ತಿರಲಿಲ್ಲ. ಹಳೆಯ ಅಭ್ಯಾಸದ ಕೈ, ಬಣ್ಣ ತಿರುಗುವ ಹೊತ್ತನ್ನು ಕಣ್ಣಿಗಿಂತ ಮೊದಲೇ ಊಹಿಸುತ್ತಿತ್ತು. ಹಾಗಾಗಿ ಹೆಚ್ಚಿನ ದಿನ ಕೂಡುತ್ತಿತ್ತು. ಕೂಡದಿದ್ದಾಗ ಮೂರನೆಯ ಫ್ಲಾಸ್ಕನ್ನು ನನ್ನ ಕೈಗೆ ಕೊಟ್ಟು, ತಾವು ಬ್ಯೂರೆಟ್ ತೊಳೆಯಲು ಹೋಗುತ್ತಿದ್ದರು. ನನ್ನ ಕಣ್ಣು ಒಪ್ಪದ ಒಂದು ವರದಿಗೂ ಅವರು ಸಹಿ ಹಾಕಲಿಲ್ಲ. ಆದರೆ ಅದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ಕಾರ್ಖಾನೆ ನಂಬಿದ್ದು ಅವರ ಕಣ್ಣನ್ನು.

ಹಬ್ಬಕ್ಕೆ ಊರಿಗೆ ಹೋದಾಗ ನಾನು ಬಿಳಿ ಕುರ್ತಾದಲ್ಲಿ ಬಸ್ಸಿಳಿದೆ. ಅಮ್ಮ ಮೇಲಿಂದ ಕೆಳಗೆ ನೋಡಿದಳು. "ಏನೇ ಇದು, ಮದ್ವೆ ಆಗ್ದೆ ಇರೋ ಹುಡ್ಗಿ ಇಂಗೆ ಬಿಳೀದು ಹಾಕ್ಕಂಡು ಬಂದಿದೀಯ? ನೋಡೋಕ್ ಬಂದೋರು ಏನನ್ಕಂತಾರೆ?" ಕೆಲಸಕ್ಕೆ ಬೇಕು ಎಂದೆ. "ಅದ್ಯಾವ ಸೀಮೆ ಕೆಲ್ಸನೋ" ಎಂದಳು.

ಬೇಸಿಗೆಯಲ್ಲಿ ಒಂದು ದಿನ ಲೈನರುಗಳ ಎರಕವೊಂದು ಲಾರಿಗೆ ಏರಿ ಕೂತಿತ್ತು. ವರದಿ ಮಾತ್ರ ಬಾಕಿ. ನಾವು ತೂಗಿದ ತೂಕಕ್ಕೆ ಬ್ಯೂರೆಟ್ಟಿನ ಓದು ಹತ್ತೊಂಬತ್ತಕ್ಕೆ ಕಡಿಮೆ ಇರಬಾರದು. ಕಡಿಮೆಯಾದರೆ ಕ್ರೋಮಿಯಂ ಸಾಲದು, ಮಾಲು ಹೋಗುವಂತಿಲ್ಲ. ಕುಲುಮೆಯ ಇನ್‌ಚಾರ್ಜ್, ಬೆಳುಗುಪ್ಪ ಕಡೆಯವರು, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಲ್ಯಾಬಿನ ಬಾಗಿಲಲ್ಲೇ ನಿಂತಿದ್ದರು.

"ಬಿರ್‍ರನ ನೋಡ್ರಿ ಮೇಡಮ್ಮಾ, ಲಾರಿಯವ್ನು ನಮ್ಮವ್ವನ್ನ ಬಿಟ್ಟು ಎಲ್ಲಾರ್ನೂ ಬೈದು ಮುಗ್ಸ್ಯಾನ."

"ನಿಮ್ಮವ್ವನ ಪಾಳಿ ಬರೋದ್ರಾಗ ಮುಗಿಸ್ತೀನಿ, ನಿಂದ್ರಪ್ಪ" ಎಂದರು ಮೇಡಂ.

ಇಬ್ಬರೂ ನಮ್ಮ ನಮ್ಮ ಫ್ಲಾಸ್ಕು ಮುಗಿಸಿದೆವು. ಒಟ್ಟಿಗೆ ಹೇಳಿದೆವು. ನಾನು ಹದಿನೆಂಟು ಪಾಯಿಂಟ್ ಆರು. ಅವರು ಹತ್ತೊಂಬತ್ತು ಪಾಯಿಂಟ್ ಎರಡು.

ಬಾಗಿಲಲ್ಲಿದ್ದವರು ನಕ್ಕರು. "ಏನಮ್ಮಾ, ಮಡಕಶಿರಾದಾಗ ಹಸ್ರು ಬ್ಯಾರೆ ಐತೇನು? ಹತ್ತೊಂಬತ್ತು ಅಂತ ಬರೀರಿ ಮೇಡಮ್ಮಾ, ಈಕಿ ನಿನ್ನೆ ಮೊನ್ನೆ ಬಂದಾಕಿ."

ಮೂರನೆಯ ಫ್ಲಾಸ್ಕನ್ನು ನಾನು ನೋಡಿದೆ. ಮತ್ತೆ ಹದಿನೆಂಟೂವರೆಯ ಆಸುಪಾಸು. ಅಷ್ಟರಲ್ಲಿ ಸಾವ್ಕಾರ್ರೇ ಬಂದರು. ಹಣೆಯ ವಿಭೂತಿ ಬೆವರಿಗೆ ಇಳಿದಿತ್ತು. ಇನ್‌ಚಾರ್ಜ್ ನಡೆದದ್ದನ್ನು ಹೇಳಿದರು, ನನ್ನ ಕಡೆ ಬೆರಳು ತೋರಿಸಿ. ಸಾವ್ಕಾರ್ರು ಕೇಳಿಸಿಕೊಂಡು ಸ್ಟೂಲಿನ ಮೇಲೆ ಕೂತರು.

"ಮೇಡಮ್ಮಾರ, ನಿಮ್ಮ ಕಣ್ಣಿನ ಮ್ಯಾಲ ಈ ಫ್ಯಾಕ್ಟ್ರಿ ನಡ್ಯಾಕತ್ತೈತಿ. ನೀವು ಪಾಸ್ ಅಂದ್ರ ಪಾಸು, ಫೇಲ್ ಅಂದ್ರ ಫೇಲು. ನಾ ಒಂದು ಮಾತು ಆಡಂಗಿಲ್ಲ."

ಬೈದಿದ್ದರೆ ಸುಲಭವಾಗುತ್ತಿತ್ತು. ಮೇಡಂ ಸ್ವಲ್ಪ ಹೊತ್ತು ಬೋರ್ಡಿನ ಮೇಲೆ ನಾನು ಬರೆದಿದ್ದ ಎರಡು ಅಂಕಿಗಳನ್ನು ನೋಡುತ್ತ ನಿಂತರು. ಆಮೇಲೆ ನನ್ನನ್ನು ಕೇಳಲಿಲ್ಲ, ತಾವೇ ಇನ್ನೊಂದು ಸ್ಟೂಲು ಎಳೆದು, ಹತ್ತಿ, ಮೇಲಿನ ಅರೆಯಿಂದ ಕಂದು ಸೀಸೆ ಇಳಿಸಿದರು.

"ಸಾಕ್ಷಿ ಕೇಳೋಣ್ರಿ."

ಕರಗಿಸಿ, ಕುದಿಸಿ, ತಣಿಸುವ ತನಕ ಯಾರೂ ಎದ್ದು ಹೋಗಲಿಲ್ಲ. ಹೊರಗೆ ಲಾರಿಯ ಹಾರ್ನ್ ಆಗಾಗ ಕೇಳುತ್ತಿತ್ತು. ಕಿಟಕಿಯ ಬೆಳಕಿನಲ್ಲಿ ಇಬ್ಬರೂ ಪಕ್ಕಪಕ್ಕದಲ್ಲಿ ನಿಂತೆವು. ನನ್ನ ಫ್ಲಾಸ್ಕಿನಲ್ಲಿ ನೇರಳೆ ಹೋಗಿ ಹಸಿರು ನಿಂತಿತು, ನಾನು ಕೈ ನಿಲ್ಲಿಸಿದೆ. ಪಕ್ಕದ ಫ್ಲಾಸ್ಕೂ ಹಸಿರಾಗಿತ್ತು. ಅವರ ಬೆರಳು ಇನ್ನೂ ಹನಿ ಬಿಡುತ್ತಿತ್ತು. ನಾನು ಬಾಯಿ ಬಿಡುವಂತಿರಲಿಲ್ಲ. ಕಟ್ಟಳೆ ಅವರದೇ. ಇನ್ನೊಂದು ಹನಿ. ಇನ್ನೊಂದು. ಆಮೇಲೆ ಅವರು ನಿಲ್ಲಿಸಿದರು. ಒಟ್ಟಿಗೆ ಹೇಳಿದೆವು.

ನನ್ನದು ಸೀಸೆಯ ಮೇಲೆ ಬರೆದಿದ್ದ ಲೆಕ್ಕಕ್ಕೆ ಕೂಡಿತು. ಅವರದು ಮೇಲೆ ಹೋಗಿತ್ತು.

"ಒಂದ್ಸತಿ ಕೈ ತಪ್ಪಿರ್ತೈತಿ ಮೇಡಮ್ಮಾ" ಎಂದರು ಇನ್‌ಚಾರ್ಜ್. ಅವರ ದನಿಯಲ್ಲಿ ಈಗ ನಗೆ ಇರಲಿಲ್ಲ, ಬೇಡಿಕೆ ಇತ್ತು. "ಇನ್ನೊಮ್ಮೆ ನೋಡ್ರಿ."

ಹೌದು ಎಂದಿದ್ದರೆ ಆ ದಿನ ದಾಟಿಹೋಗುತ್ತಿತ್ತು. ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಮತ್ತೆ ಹಾಕಿಕೊಳ್ಳಲಿಲ್ಲ.

"ಕೈ ತಪ್ಪಿಲ್ಲಪ್ಪ. ಕೈ ನೆಟ್ಟಗೈತಿ. ಕಣ್ಣು ಹೋಗೈತಿ." ಸಾವ್ಕಾರ್ರ ಕಡೆ ತಿರುಗಿದರು. "ಬೂದಿ ಕಾಣಸ್ತೈತ್ರಿ ನನಗ. ಈಕಿ ಜೋಡಿ ಇಲ್ದ ಒಂದು ವರದಿನೂ ಹೊರಗ ಕೊಟ್ಟಿಲ್ಲ, ಅದಕ್ಕ ನನ್ನ ಮಾತು ನಂಬ್ರಿ. ಇವತ್ತಿಂದ ಈಕಿ ಕಣ್ಣು ಬರ್ಕೊಳ್ರಿ. ನನ್ನ ಕಣ್ಣು ಬರ್‍ಕೊಬ್ಯಾಡ್ರಿ."

ಸಾವ್ಕಾರ್ರು ಎದ್ದು, ಅಂಗಿಯ ತೋಳಿನಿಂದ ಹಣೆ ಒರೆಸಿಕೊಂಡು, "ಇಳಸ್ರಿ ಮಾಲು" ಎಂದಷ್ಟೇ ಹೇಳಿ ಹೋದರು.

ಲೈನರುಗಳು ಲಾರಿಯಿಂದ ಇಳಿದು ಮತ್ತೆ ಕುಲುಮೆಗೆ ಹೋದವು. ಆ ಬಿಸಿಲಿನಲ್ಲಿ ಇಳಿಸಿದವರು, ಮತ್ತೆ ಕರಗಿಸಿದವರು ಯಾರೂ ನಮ್ಮನ್ನು ಹೊಗಳಲಿಲ್ಲ. ಹೊಗಳಲು ಅವರಿಗೆ ಕಾರಣವೂ ಇರಲಿಲ್ಲ. ಸಂಜೆ ರಸ್ತೆಯ ಬದಿಗೆ ಆಟೋಗಾಗಿ ನಿಂತಾಗ ಮೇಡಂ, "ದಣಿವಾತವ್ವ" ಎಂದರು. ಎರಡು ತುಂಬಿದ ಆಟೋಗಳನ್ನು ಬಿಟ್ಟು ಮೂರನೆಯದಕ್ಕೆ ಹತ್ತಿದೆವು.

ಮರುದಿನ ಅವರು ಲ್ಯಾಬಿನ ಬಾಗಿಲಲ್ಲಿ ನಿಂತಾಗ ನನಗೆ ಮೊದಲು ಗುರುತು ಸಿಗಲಿಲ್ಲ. ನೇರಳೆ ಸೀರೆ ಉಟ್ಟಿದ್ದರು, ಅಗಲವಾದ ಹಸಿರು ಅಂಚು. ಒಳಗೆ ಬಂದು ಫ್ಲಾಸ್ಕುಗಳಿಂದ ದೂರ, ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತರು.

"ಹೆಂಗೈತಿ? ಯಾವಾಗೋ ತಗೊಂಡಿದ್ದು, ಮಡಿಕಿ ಬಿಚ್ಚಿದ್ದಿಲ್ಲ. ಅಂಗಡ್ಯಾವ ನೇರಳಿ ಅಂದಿದ್ದ. ಹೌದೇನು?"

"ಹೌದು ಮೇಡಂ. ನೇರಳೆ. ಹಸಿರು ಅಂಚು."

"ಖರೇ?"

"ಖರೇ."

"ನೋಡು, ನಮ್ಮ ಎಂಡ್ ಪಾಯಿಂಟನ್ನ ಉಟ್ಕೊಂಡು ಬಂದೀನಿ, ನನಗ ಕಾಣಂಗಿಲ್ಲ" ಎಂದು ನಕ್ಕರು. ನಾನು ನಗಲು ಪ್ರಯತ್ನಿಸಿದೆ. ಇನ್ನು ಅವರು ಫ್ಲಾಸ್ಕು ಮುಟ್ಟುವುದಿಲ್ಲ ಎಂದು ಆ ಸೀರೆ ನೋಡಿದಾಗಲೇ ನನಗೆ ಗೊತ್ತಾಗಿತ್ತು.

ಕೆಲವು ವಾರ ಬಂದರು. ಗೋಡೆಯ ಪಕ್ಕ ಕೂತು ನಾನು ಮಾಡುವುದನ್ನು ಕೇಳಿಸಿಕೊಳ್ಳುತ್ತಿದ್ದರು. ಹನಿ ಬೀಳುವ ಗತಿಯನ್ನು ಕೇಳಿಯೇ "ಅವಸರ ಮಾಡಾಕತ್ತಿ" ಎನ್ನುತ್ತಿದ್ದರು. ನನ್ನ ಜೊತೆಗೆ ಎರಡನೆಯ ಕಣ್ಣಾಗಿ ಸಾವ್ಕಾರ್ರು ಇನ್ನೊಬ್ಬ ಕೆಮಿಸ್ಟನ್ನು ಕರೆತಂದ ಮೇಲೆ ಬರುವುದನ್ನು ನಿಲ್ಲಿಸಿದರು. ಗಂಡ ಶನಿವಾರಗಳಂದು ಅವರನ್ನು ನೇಮಕಲ್ಲಿನ ಆಂಜನೇಯನಿಗೆ ಕರೆದುಕೊಂಡು ಹೋಗುತ್ತಿದ್ದರು. "ಅವನ ಸಿಂಧೂರ ಇನ್ನೂ ಚಂದ ಕಾಣಸ್ತೈತಿ ನೋಡು, ಕೆಂಪಿಗೆ ಸಕ್ಕರಿ ಇನ್ನೂ ಬಾಯಿ ಹಾಕಿಲ್ಲ" ಎಂದು ಫೋನಿನಲ್ಲಿ ಹೇಳಿದ್ದರು. ಆಮೇಲೆ ಸಕ್ಕರೆ ಮೂತ್ರಪಿಂಡಕ್ಕೂ ಇಳಿಯಿತು. ನಾನು ಬಿಡುವಾದಾಗ ಹೋಗಿ ಪಕ್ಕ ಕೂರುತ್ತಿದ್ದೆ. ಮಲಗಿದಲ್ಲೂ ಹೊದಿಕೆಯ ಮೇಲೆ ಬಲಗೈ ಆಡುತ್ತಿತ್ತು. "ಇವತ್ತು ಕೂಡಿತೇನು?" ಎಂದು ಕೇಳುತ್ತಿದ್ದರು. ಕೂಡಿದ್ದರೆ ಕೂಡಿತು, ಇಲ್ಲದಿದ್ದರೆ ಇಲ್ಲ ಎನ್ನುತ್ತಿದ್ದೆ.

ಅವರು ತೀರಿಹೋದ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟ ಬಟ್ಟೆಯಲ್ಲೇ ಹೋದೆ. ಬೆಟ್ಟದ ಕೆಳಗಿನ ಓಣಿಯಲ್ಲಿದ್ದ ಅವರ ಮನೆಯ ನಡುಮನೆಯಲ್ಲಿ ಹೆಂಗಸರು ಪೆಟ್ಟಿಗೆ ತೆರೆದು ಕೂತಿದ್ದರು. ಬಿಳಿ ಸೀರೆ ಬೇಡ, ಆ ನೇರಳೆ ಸೀರೆ ಉಡಿಸಿ ಎಂದು ಮೇಡಂ ಮೊದಲೇ ಹೇಳಿಟ್ಟಿದ್ದರಂತೆ. ಪೆಟ್ಟಿಗೆಯಲ್ಲಿ ಹಸಿರು ಅಂಚಿನ ಕಡು ಬಣ್ಣದ ಸೀರೆ ಎರಡಿದ್ದವು. ಟ್ಯೂಬ್‌ಲೈಟಿನ ಕೆಳಗೆ ಒಬ್ಬರು ಇದು ನೇರಳೆ ಎಂದರೆ ಇನ್ನೊಬ್ಬರು ಅದು ಎನ್ನುತ್ತಿದ್ದರು. ಗೋಡೆಗೆ ಒರಗಿ ಕೂತಿದ್ದ ಮೇಷ್ಟ್ರು ತಲೆ ಎತ್ತಿದರು.

"ಆ ಹುಡುಗೀನ ಕೇಳ್ರಿ. ಆಕಿ ಕಣ್ಣು ಬರ್ಕೊಳ್ರಿ ಅಂತ ಈಕಿನೇ ಹೇಳ್ಯಾಳ."

ನಾನು ಎರಡೂ ಸೀರೆಗಳನ್ನು ಎತ್ತಿಕೊಂಡು ಹೊರಬಾಗಿಲಿಗೆ ಹೋದೆ. ಸುಣ್ಣದ ಗೋಡೆಗೆ ಹಿಡಿದು, ಹಗಲಿನ ಬೆಳಕಿನಲ್ಲಿ, ಒಂದನ್ನು ನೋಡಿದೆ, ಇನ್ನೊಂದನ್ನು ನೋಡಿದೆ. ಕಣ್ಣಲ್ಲಿ ನೀರಿತ್ತು. ಅದು ಇಳಿದುಹೋಗುವ ತನಕ ಕಾದು, ಮತ್ತೊಮ್ಮೆ ನೋಡಿದೆ. ಒಂದು ಕಡುನೀಲಿ. ಇನ್ನೊಂದನ್ನು ಒಳಗೆ ತಂದು ಅವರ ಕೈಗೆ ಕೊಟ್ಟೆ.

"ಇದು ನೇರಳೆ."

ಮರುಮಾತಾಡದೆ ಉಡಿಸಿದರು. ಹಣೆ ತುಂಬ ಕುಂಕುಮ ಇಟ್ಟರು. ಒಬ್ಬಾಕೆ ಹಸಿರು ಗಾಜಿನ ಬಳೆಗಳನ್ನು ತಂದು ಬಲಗೈಗೆ ಒಂದೊಂದಾಗಿ ಏರಿಸಿದಳು. ಮಣಿಕಟ್ಟು ಅಲುಗಲಿಲ್ಲ.